ಧೂಮಣ್ಣನಿಗೆ ಕಾಣದ ಎಣಿಕೆ

ಧೂಮ ಹುಟ್ಟಿದ್ದು ರಾಕ್ಷಸನಾಗಿ. ‘ಕಾರ್ಗೋಟೆ’ ಎಂಬ ದೊಡ್ಡವರ ವಿಡಿಯೋ ಗೇಮಿನಲ್ಲಿ ಕೋಟೆಯ ಬಾಗಿಲು ಕಾಯುವುದು ಅವನ ಕೆಲಸ. ಮೈತುಂಬ ಹೊಗೆ, ಕಣ್ಣೆರಡು ಕೆಂಡ. ಅವನನ್ನು ಸೋಲಿಸಿದವರು ದೇಶದಲ್ಲೇ ಕಡಿಮೆ. ಆಟಗಾರ ಏನು ಮಾಡಲಿದ್ದಾನೆ ಎಂಬುದು ಅವನಿಗೆ ಅರ್ಧ ಕ್ಷಣ ಮೊದಲೇ ತಿಳಿಯುತ್ತಿತ್ತು.

ಇದರಲ್ಲಿ ಮಾಟವೇನೂ ಇರಲಿಲ್ಲ. ಆ ಆಟಕ್ಕೆ ಕೋಲು, ಗುಂಡಿ ಏನೂ ಬೇಡ. ಪರದೆಯ ಮೇಲಿನ ಪುಟ್ಟ ಕ್ಯಾಮೆರಾ ಆಟಗಾರನ ಬರಿಗೈಯನ್ನೇ ನೋಡುತ್ತದೆ. ಎಡಕ್ಕೆ ಹೊಡೆಯುವ ಮುನ್ನ ಎಡಗೈ ಬೆರಳು ತುಸು ಬಿಗಿಯುತ್ತವೆ. ಅಂಜಿದವನ ಹೆಬ್ಬೆರಳು ಒಳಗೆ ಸರಿಯುತ್ತದೆ. ಲಕ್ಷಗಟ್ಟಲೆ ಕೈಗಳನ್ನು ನೋಡಿ ನೋಡಿ ಧೂಮ ಇದನ್ನೆಲ್ಲ ಕಲಿತಿದ್ದ. ಯಾರು ಎಲ್ಲಿ ಹಿಂಜರಿದರೋ ಸರಿಯಾಗಿ ಅಲ್ಲೇ ಎರಗುತ್ತಿದ್ದ.

ಈ ಧೂಮನನ್ನು ಕಟ್ಟಿದವಳು ಹುಬ್ಬಳ್ಳಿಯ ಮಿನಾಜ್ ಕಿತ್ತೂರ. ಅವಳ ತಲೆಯಲ್ಲಿ ಒಂದು ದಿನ ಪ್ರಶ್ನೆಯೊಂದು ಹುಟ್ಟಿತು. ಎದುರಿನವರು ಎಲ್ಲಿ ಎಡವುತ್ತಾರೆಂದು ಅರ್ಧ ಕ್ಷಣ ಮೊದಲೇ ಬಲ್ಲವನು, ಎರಗುವ ಬದಲು ಅಲ್ಲಿ ಸುಮ್ಮನೆ ಕಾಯ್ದರೆ? ಸೋಲಿಸಲೆಂದೇ ಕಲಿತ ಬುದ್ಧಿಯನ್ನು ಒಂದು ಮಗುವನ್ನು ಗೆಲ್ಲಿಸಲು ಬಳಸಿದರೆ?

ಹಾಗೆ ಹುಟ್ಟಿಕೊಂಡದ್ದು ‘ಧೂಮಣ್ಣನಿಗೆ ಹಸಿವು’. ದೊಡ್ಡ ಆಟದಿಂದ ಕವಲೊಡೆದ, ನಾಲ್ಕರಿಂದ ಆರು ವರ್ಷದ ಮಕ್ಕಳ ಪಾಠದ ಆಟ. ಕೆಂಡದ ಕಣ್ಣು ಬಟ್ಟಲುಗಣ್ಣಾದವು, ಹೊಟ್ಟೆ ಗುಂಡಗಾಯಿತು, ಹೊಗೆ ತಲೆಯ ಮೇಲೊಂದು ಜುಟ್ಟಿನಷ್ಟೇ ಉಳಿಯಿತು. ಧೂಮಣ್ಣನಿಗೆ ಹೊತ್ತುಹೊತ್ತಿಗೆ ಪೇರಲಹಣ್ಣು ಬೇಕು. ಒಮ್ಮೆ ಐದು, ಒಮ್ಮೆ ಹನ್ನೊಂದು. ಮಗು ಎಣಿಸಿ ಬುಟ್ಟಿ ತುಂಬಬೇಕು. ಮಗುವಿನ ಕೈ ತಡವರಿಸಿತೋ, ಧೂಮಣ್ಣ ದೊಡ್ಡದಾಗಿ ಆಕಳಿಸುತ್ತಾನೆ, ಹೊಟ್ಟೆ ಕೆರೆದುಕೊಳ್ಳುತ್ತಾನೆ, ಮೋಡ ನೋಡುತ್ತ ನಿಲ್ಲುತ್ತಾನೆ. ಅಷ್ಟರಲ್ಲಿ ಉತ್ತರ ಹೊಳೆಯುತ್ತದೆ. ತನಗಾಗಿ ಒಬ್ಬರು ಕಾಯ್ದರೆಂಬುದು ಮಗುವಿಗೆ ಗೊತ್ತೂ ಆಗುವುದಿಲ್ಲ.

ಆ ಆಕಳಿಕೆಯ ದನಿ ನನ್ನದು. ಮೂವತ್ತೊಂದು ವರ್ಷ ಬಾನುಲಿಯಲ್ಲಿ ಉದ್ಘೋಷಕಿಯಾಗಿದ್ದು ನಿವೃತ್ತಳಾದ ಮೇಲೆ, ನನ್ನ ದನಿಗೆ ಇಂಥ ಒಂದು ಕೆಲಸ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ. ಯಂತ್ರ ಅದನ್ನು ಒಂದಿಷ್ಟು ದಪ್ಪ ಮಾಡುತ್ತಿತ್ತು, ಮಕ್ಕಳ ಹೆಸರುಗಳನ್ನು ತಾನೇ ಪೋಣಿಸುತ್ತಿತ್ತು. ಉಳಿದ ಮಾತೆಲ್ಲ ನಾನು ಆಡಿದ್ದೇ.

ಆಟ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಮೂರೇ ವರ್ಷಗಳಲ್ಲಿ ನಮ್ಮ ಸೀಮೆಯ ಬಾಲವಾಡಿಗಳಿಗೆಲ್ಲ ಅದು ಬಂತು. ಒಂದನೇ ತರಗತಿಗೆ ಸೇರಿಸುವಾಗ ಮಕ್ಕಳನ್ನು ಕೂರಿಸಿ ಪ್ರಶ್ನೆ ಕೇಳುವ ಪದ್ಧತಿ ಹೋಯಿತು. ಮಗು ಆರು ತಿಂಗಳು ಆಡಿದರೆ ಸಾಕು, ಧೂಮಣ್ಣ ಎರಡರಲ್ಲೊಂದು ಹೇಳುತ್ತಾನೆ: ‘ಸಿದ್ಧ’ ಅಥವಾ ‘ಇನ್ನೊಂದು ವರ್ಷ ಆಡಲಿ’. ಅಳು ಇಲ್ಲ, ಪೆನ್ಸಿಲ್ ಕಚ್ಚುವುದಿಲ್ಲ, ಬಾಗಿಲಾಚೆ ನಿಂತು ಉಗುರು ಕಡಿಯುವ ತಾಯಂದಿರಿಲ್ಲ. ಒಳ್ಳೆಯ ಕೆಲಸವಾಯಿತೆಂದು ನಾವೆಲ್ಲ ನಂಬಿದ್ದೆವು. ಈಗಲೂ ನಂಬುತ್ತೇನೆ.

ನಮ್ಮ ಓಣಿಯ ತುದಿಗೆ ಕಸ್ತೂರೆವ್ವನ ರೊಟ್ಟಿ ಮನೆ ಇದೆ. ಮೂರು ಒಲೆ, ಕೈಗೆ ಇಬ್ಬರು ಹೆಂಗಸರು, ಬೆಳಗಿನ ಎಂಟರಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಹನ್ನೆರಡು ರೊಟ್ಟಿಗೆ ಒಂದು ಕಟ್ಟು. ಕಟ್ಟುಗಳು ಖಾನಾವಳಿಗಳಿಗೆ ಹೋಗುತ್ತವೆ. ನನಗೆ ಬೇಕಾದ್ದು ಎರಡೇ ರೊಟ್ಟಿ. ಅವೆರಡನ್ನು ಅವಳು ಬೇರೆಯೇ, ತೆಳ್ಳಗೆ, ಮೆತ್ತಗೆ ಬೇಯಿಸುತ್ತಾಳೆ. ನನ್ನ ಹಲ್ಲಿನ ಸುದ್ದಿಯನ್ನು ನಾನವಳಿಗೆ ಎಂದೂ ಹೇಳಿಲ್ಲ.

ಮಾರ್ಚ್ ತಿಂಗಳ ಒಂದು ಮಂಗಳವಾರ ನಾನು ಹೋದಾಗ ಅವಳ ಮಗಳು ಪಾರಿ, ಐದೂವರೆ ವರ್ಷದವಳು, ರೊಟ್ಟಿಯ ಬುಟ್ಟಿಯ ಪಕ್ಕ ಕೂತಿದ್ದಳು.

“ಪಾರೀ, ಬುಟ್ಟ್ಯಾಗ ಎಷ್ಟ್ ಅದಾವ ನೋಡವಾ,” ಎಂದಳು ಕಸ್ತೂರೆವ್ವ, ತವೆಯ ಮೇಲಿಂದ ಕಣ್ಣು ತೆಗೆಯದೆ.

“ಒಂಬತ್ತು.”

ನಾನೂ ನೋಡಿದೆ. ಒಂಬತ್ತೇ ಇದ್ದವು.

“ಎಷ್ಟಂದಿ?” ಒಲೆಯ ಸದ್ದಿಗೆ ತಾಯಿ ಇನ್ನೊಮ್ಮೆ ಕೇಳಿದಳು, ಅಷ್ಟೇ.

ಹುಡುಗಿ ತಾಯಿಯ ಮುಖ ನೋಡಿದಳು. ನನ್ನ ಮುಖ ನೋಡಿದಳು. “ಎಂಟು,” ಎಂದಳು. ಯಾರೂ ಏನೂ ಹೇಳದಿದ್ದರೂ ಮತ್ತೆ, ಇನ್ನೂ ಸಣ್ಣ ದನಿಯಲ್ಲಿ, “ಹತ್ತು.”

ಕಸ್ತೂರೆವ್ವ ಕೈಯಲ್ಲಿದ್ದ ಹಿಟ್ಟಿನ ಮುದ್ದೆಯನ್ನು ಕೆಳಗಿಟ್ಟಳು. “ನೋಡ್ರಿ ಬಾಯಾರ, ಹಿಂಗ ಮಾಡ್ತಾಳ. ದೀಪಾವಳಿಗೆ ಇಪ್ಪತ್ನಾಕರ ಮಟ ಚೊಕ್ಕ ಎಣಸ್ತಿದ್ಲು. ಎರಡು ಕಟ್ಟು ತಾನ ಕಟ್ಟಿ ಕೊಡ್ತಿದ್ಲು. ಈಗ ಏನ್ ಕೇಳಿದ್ರೂ ನನ್ನ ಮಾರಿ ನೋಡ್ತಾಳ. ನನ್ನ ಮಾರ್ಯಾಗೇನ್ ಬರದಿಟ್ಟೈತಿ?”

“ಬಾಲವಾಡಿಯೊಳಗ ಏನಂತಾರ?”

“ಹೇಮಲತಾ ಟೀಚರ್ ಪಾಪ, ಆಕಿ ಏನ್ ಮಾಡ್ಬೇಕು? ಧೂಮಣ್ಣ ಬರದಾನಂತ, ‘ಊಹೆ ಮಾಡ್ತಾಳ, ಎಣಿಕಿ ಬರೂದಿಲ್ಲ, ಇನ್ನೊಂದ್ ವರ್ಷ ಆಡ್ಲಿ’ ಅಂತ. ಬರೂ ಸೋಮವಾರ ಪಟ್ಟಿ ಸಾಲಿಗೆ ಹೋಗ್ತೈತಿ. ಈಕಿ ಜೋಡೀದಾವ್ರೆಲ್ಲಾ ಮುಂದ ಹೋಗ್ತಾರ, ಈಕಿ ಮತ್ತ ಸಣ್ಣ ಹುಡುಗೂರ ಜೋಡಿ ಕುಂದರಬೇಕು.” ಸೆರಗಿನಿಂದ ಮುಖದ ಬೆವರೊರೆಸಿದಳು. “ದಡ್ಡಿ ಇದ್ರ ಇರ್ಲಿ ಬಿಡ್ರಿ, ದಡ್ಡರೂ ಬದುಕ್ತಾರ. ಆದ್ರ ಈಕಿ ದಡ್ಡಿ ಅಲ್ರೀ.”

ಪಾರಿ ಬುಟ್ಟಿಯ ಅಂಚನ್ನೇ ನೋಡುತ್ತಿದ್ದಳು. ತನ್ನ ಬಗ್ಗೆ ನಡೆದ ಮಾತೆಂದು ಅವಳಿಗೆ ಚೆನ್ನಾಗಿ ತಿಳಿದಿತ್ತು.

ಮರುಗಳಿಗೆಯೇ ನಾನು ಪಾರಿಯ ಜೊತೆ ಬಾಲವಾಡಿಗೆ ಹೋದೆ. ಹೇಮಲತಾ ಟೀಚರ್ ನನಗೊಂದು ಕುರ್ಚಿ ಕೊಟ್ಟು, ಪಾರಿಯನ್ನು ಪರದೆಯ ಮುಂದೆ ನಿಲ್ಲಿಸಿದಳು.

“ಪಾರೀ, ನನಗ ಏಳು ಪೇರಲ ಕೊಡ್ತೀಯೇನು?” ಎಂದ ಧೂಮಣ್ಣ.

ಪಾರಿ ಒಂದೊಂದಾಗಿ ಏಳು ಹಣ್ಣು ಬುಟ್ಟಿಗೆ ಹಾಕಿದಳು. ಸರಿಯಾಗಿಯೇ ಇತ್ತು.

“ಇನ್ನೊಮ್ಮೆ ಎಣಸೋಣೇನು?”

ಹಣ್ಣುಗಳು ಮರಕ್ಕೆ ಮರಳಿದವು. ಹುಡುಗಿ ಮತ್ತೆ ಏಳು ಹಾಕಿದಳು.

“ಇನ್ನೊಮ್ಮೆ ಎಣಸೋಣೇನು?”

ಆ ಸಾಲನ್ನು ಧ್ವನಿಮುದ್ರಿಸುವಾಗ ನಾನು ಇಪ್ಪತ್ತು ಸಲ ಹೇಳಿದ್ದೆ. ಎಲ್ಲೂ ಗದರಿದಂತೆ ಕೇಳಬಾರದು, ಮಗುವಿನ ತಲೆ ಸವರಿದಂತಿರಬೇಕು ಎಂದು ಅಷ್ಟು ಕಾಳಜಿ ಮಾಡಿದ್ದೆ. ಈಗ ಅದೇ ಮೆತ್ತನೆಯ ದನಿ ಪಾರಿಯನ್ನು ಮೂರನೆಯ ಸಲ ಕೇಳಿತು. ಹುಡುಗಿ ಟೀಚರ್ ಕಡೆಗೊಮ್ಮೆ ನೋಡಿ, ಬುಟ್ಟಿಯಿಂದ ಒಂದು ಹಣ್ಣು ಹೊರತೆಗೆದಳು. ಗದರಿದ್ದರೆ ಅವಳು ಸಿಟ್ಟಾದರೂ ಆಗುತ್ತಿದ್ದಳೇನೋ. ಇಷ್ಟು ಪ್ರೀತಿಯಿಂದ ಕೇಳುವವರು ತಪ್ಪಿರಲಾರರು, ತಪ್ಪು ತನ್ನದೇ ಇರಬೇಕು ಎಂದುಕೊಂಡಿದ್ದಳು.

ನಾನು ನೋಡುತ್ತಲೇ ಕೂತೆ. ಐದು ಹಣ್ಣಿನ ಆಟದಲ್ಲೂ ಅದೇ, ಹನ್ನೊಂದರಲ್ಲೂ ಅದೇ. ಮೊದಲ ಉತ್ತರ ಪ್ರತಿ ಸಲವೂ ಸರಿ. ಊಹೆ ಮಾಡುವವರು ಹೀಗೆ ಪ್ರತಿ ಸಲ ಗೆಲ್ಲುವುದುಂಟೇ?

ಎಂಟು ಹಣ್ಣಿನ ಸರದಿಯಲ್ಲಿ ನನ್ನ ಕಣ್ಣು ಅವಳ ಎಡಗೈಗೆ ಬಿತ್ತು. ಬಲಗೈ ಹಣ್ಣು ಕೀಳುತ್ತಿತ್ತು. ಎಡಗೈ ಫ್ರಾಕಿನ ಪಕ್ಕ ಅರ್ಧ ಮುಚ್ಚಿಕೊಂಡಿತ್ತು. ಅದರ ಹೆಬ್ಬೆರಳು ಮಾತ್ರ ಕಿರುಬೆರಳ ಗಿಣ್ಣುಗಳನ್ನು ಒಂದೊಂದಾಗಿ ಮುಟ್ಟುತ್ತ, ಪಕ್ಕದ ಬೆರಳಿಗೆ ದಾಟಿ ಹೋಗುತ್ತಿತ್ತು. ಮೂರು, ಆರು, ಎಂಟು. ಅಲ್ಲಿಗೆ ಹೆಬ್ಬೆರಳು ನಿಂತಿತು. ಬಲಗೈಯೂ ನಿಂತಿತು.

ಕೆಳಗೆ ನೋಡಿದರೆ, ಸೀರೆಯ ನೆರಿಗೆಯೊಳಗೆ ನನ್ನ ಹೆಬ್ಬೆರಳೂ ನಡುಬೆರಳಿನ ಎರಡನೆಯ ಗಿಣ್ಣಿನ ಮೇಲೇ ನಿಂತಿತ್ತು. ವಾರ್ತೆಗೆ ಎಷ್ಟು ಸೆಕೆಂಡು ಉಳಿದಿದೆಯೆಂದು ಮೂವತ್ತೊಂದು ವರ್ಷ ನಾನು ಎಣಿಸಿದ್ದು ಹೀಗೆಯೇ. ಕಸ್ತೂರೆವ್ವ ಎಣಿಸುವುದೂ ಹೀಗೆಯೇ. ಬಲಗೈ ತವೆಯ ಮೇಲಿರುವಾಗ ಎಡಗೈಯ ನಾಲ್ಕು ಬೆರಳು, ಬೆರಳಿಗೆ ಮೂರು ಗಿಣ್ಣು. ಒಂದು ಕೈ ಮುಗಿದರೆ ಒಂದು ಕಟ್ಟು.

ಅಂದು ಮಧ್ಯಾಹ್ನವೇ ನಾನು ಆಟ ಕಟ್ಟುವ ಸ್ಟುಡಿಯೋಗೆ ಹೋದೆ. ಮಿನಾಜ್ ಇದ್ದಳು, ಕೆಲಸಗಳ ಗಡುವು ನೋಡಿಕೊಳ್ಳುವ ಗುರುನಾಥನೂ ಇದ್ದ. ಆಟದಲ್ಲಿ ಮಕ್ಕಳ ಮುಖವನ್ನು ಸೆರೆಹಿಡಿದಿಡುವಂತಿಲ್ಲ, ಕೈಗಳನ್ನು ಮಾತ್ರ, ಅದೂ ಪಟ್ಟಿ ಹೋಗುವವರೆಗೆ. ಪಾರಿಯ ಕೈಯ ಚಿತ್ರವನ್ನು ತೆಗೆದು ನೋಡಲು ಹೇಳಿದೆ.

ದೊಡ್ಡ ಪರದೆಯ ಮೇಲೆ ಆ ಪುಟ್ಟ ಎಡಗೈ ಬಂತು. ಹೆಬ್ಬೆರಳು ಗಿಣ್ಣು ಹತ್ತತೊಡಗಿದ ಕೂಡಲೇ ಪಕ್ಕದಲ್ಲಿ ಯಂತ್ರದ ಟಿಪ್ಪಣಿ ಮೂಡಿತು: ‘ಮೋಸದ ಕೈ. ಲೆಕ್ಕಿಸಬೇಡ.’

ಮಿನಾಜ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. “ಯಾ ಅಲ್ಲಾ. ಇದು ನನ್ನ ಕೆಲಸ.”

“ಏನದು?” ಎಂದ ಗುರುನಾಥ.

“ಕಾರ್ಗೋಟ್ಯಾಗ ಆಟಗಾರರು ಒಂದು ಕುತಂತ್ರ ಕಲಿತಿದ್ರಲ್ಲಾ ಸರ್? ಮುಷ್ಟಿ ಹಿಡದು ಹೆಬ್ಬಟ್ಟು ಸುಮ್ನ ಆಡಸೂದು. ಧೂಮ ಅದನ್ನ ನೋಡ್ಕೋತ ನಿಂತ್ರ ಆ ಕಡಿಂದ ಹೊಡಿಯೂದು. ಅದಕ್ಕ ಮೋಸ ಹೋಗಬಾರದು ಅಂತ ಒಂದು ವರ್ಷ ಕುಂತು ಕಲಿಸಿದ್ದೆ. ಸಣ್ಣ ಆಟಕ್ಕ ಅದೂ ಜೋಡೀಲೆ ಬಂದೈತಿ.”

ಉಳಿದದ್ದನ್ನು ನಾನೂ ಊಹಿಸಬಲ್ಲವಳಾಗಿದ್ದೆ. ಮಗು ಬೆರಳೆತ್ತಿ ಎಣಿಸಿದರೆ ಧೂಮಣ್ಣನಿಗೆ ಕಾಣುತ್ತದೆ. ಹಣ್ಣು ಮುಟ್ಟಿ ಮುಟ್ಟಿ ಎಣಿಸಿದರೂ ಕಾಣುತ್ತದೆ. ಗಿಣ್ಣಿನ ಮೇಲೆ ಎಣಿಸಿದರೆ ಅವನು ನೋಡುವುದನ್ನೇ ಬಿಡುತ್ತಾನೆ. ಎಣಿಸದೆ ಸರಿಯುತ್ತರ ಬಂದರೆ ಅದು ಊಹೆ, ಊಹೆಯಾದರೆ ಇನ್ನೊಮ್ಮೆ ಕೇಳು. ತಾನು ಕಲಿತಷ್ಟನ್ನು ಅವನು ಚಾಚೂ ತಪ್ಪದೆ ಮಾಡಿದ್ದ.

“ಎಲ್ಲಾ ಮಕ್ಕಳೂ ಬೆರಳು ಎತ್ತೇ ಎಣಸ್ತಾವ,” ಎಂದ ಗುರುನಾಥ. “ಎಲ್ಲಾ ಪಠ್ಯಪುಸ್ತಕದಾಗೂ ಹಂಗ ಚಿತ್ರ ಅದ. ಒಂದ್ ಹುಡುಗಿ ಸಲುವಾಗಿ ಇಡೀ ಯಂತ್ರ ಬಿಚ್ಚಿದ್ರ ಸೋಮವಾರ ಪಟ್ಟಿ ಹೆಂಗ ಕೊಡೂದು? ನಡಕ ಎಷ್ಟ್ ದಿನ ಅದಾವ ನೀವ ಹೇಳ್ರಿ. ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ರವಿವಾರ...”

“ಸರ್,” ಎಂದಳು ಮಿನಾಜ್, “ಕೈ ಹಂಗ ಹಿಡೀರಿ. ಅಲ್ಲಾಡಬ್ಯಾಡ್ರಿ.”

ಗುರುನಾಥ ತನ್ನ ಕೈ ನೋಡಿಕೊಂಡ. ಹೆಬ್ಬೆರಳು ಉಂಗುರ ಬೆರಳಿನ ನಡುಗಿಣ್ಣಿನ ಮೇಲೆ ನಿಂತಿತ್ತು.

ಅವಳು ಬಿಡಲಿಲ್ಲ. ರಟ್ಟೆ ಹಿಡಿದು ಕ್ಯಾಮೆರಾದ ಮುಂದೆ ನಿಲ್ಲಿಸಿ, ಏಳು ಪೇರಲ ಎಣಿಸಲು ಹೇಳಿದಳು. ಆತ ಎಣಿಸಿದ. ಧೂಮಣ್ಣ ಬಟ್ಟಲುಗಣ್ಣು ಮಿಟುಕಿಸಿ, “ಇನ್ನೊಮ್ಮೆ ಎಣಸೋಣೇನು?” ಎಂದ. ಮೂರು ಸಲವಾದ ಮೇಲೆ ಪರದೆಯ ಮೇಲೆ ಬಂತು: ‘ಊಹಿಸುತ್ತಾನೆ. ಎಣಿಕೆ ಬಾರದು.’

“ಅಲ್ಲವಾ, ನಾನು ಇಂಜಿನಿಯರಿಂಗ್‌ನಾಗ ರ‍್ಯಾಂಕ್ ಬಂದಾಂವ!”

“ಇನ್ನೊಂದ್ ವರ್ಷ ಆಡ್ರಿ ಸರ್.”

ನಕ್ಕವರಲ್ಲಿ ಅವನೂ ಇದ್ದ. ಅದು ಅವನ ದೊಡ್ಡ ಗುಣ. ಆಮೇಲೆ ಇಡೀ ಸ್ಟುಡಿಯೋ ಎದ್ದು ಬಂದು ಸಾಲು ಹಚ್ಚಿತು. ನೋಡಿದರೆ, ಆ ಕಟ್ಟಡದಲ್ಲಿ ಬೆರಳೆತ್ತಿ ಎಣಿಸುವವರು ಮೂವರು, ಉಳಿದವರೆಲ್ಲ ಗಿಣ್ಣಿನವರು. ಕೆಲವರದು ಬೆರಳಿಗೆ ಮೂರು, ಕೆಲವರದು ತುದಿಯೂ ಸೇರಿ ನಾಲ್ಕು. ಚಿತ್ರ ಬರೆಯುವ ಹುಡುಗಿ ತೋರುಬೆರಳಿನಿಂದ ಇಳಿಯುತ್ತಾಳೆ. ಬಾಗಿಲು ಕಾಯುವ ಹನಮಂತಪ್ಪ ಬಲಗೈಯಲ್ಲೇ ಎಲ್ಲ ಮುಗಿಸುತ್ತಾನೆ. ಹುಟ್ಟಿದಾಗಿನಿಂದ ಒಂದು ರೀತಿ ಎಣಿಸಿದವರು, ಆಟ ಕಟ್ಟಲು ಕೂತಾಗ ಪುಸ್ತಕದ ಚಿತ್ರವನ್ನೇ ನಂಬಿದ್ದರು. ತಮ್ಮ ಕೈಯ ಕಡೆ ಒಬ್ಬರೂ ನೋಡಿಕೊಂಡಿರಲಿಲ್ಲ. ನಾನೂ ಅವರೊಳಗಿನವಳೇ.

ಮೂರು ದಿನ ಧೂಮಣ್ಣನಿಗೆ ಹೊಸ ಪಾಠ ನಡೆಯಿತು. ಸ್ಟುಡಿಯೋದವರು ತಾಯಂದಿರನ್ನು, ಅತ್ತೆಯರನ್ನು, ನೆರೆಮನೆಯ ಮಕ್ಕಳನ್ನು ಕರೆತಂದರು. ಕಸ್ತೂರೆವ್ವ ಒಲೆ ಆರಿಸಿ, ಹಿಟ್ಟು ಹತ್ತಿದ ಕೈಯಲ್ಲೇ ಬಂದು ಕ್ಯಾಮೆರಾದ ಮುಂದೆ ನಿಂತು, “ಇಷ್ಟ್ ದೊಡ್ಡ ರಾಕ್ಷಸಗ ಇಷ್ಟೂ ಬರೂದಿಲ್ಲೇನು?” ಎಂದು ಕೇಳಿದಳು. ಮುಷ್ಟಿಯೊಳಗೆ ಅಲುಗುವ ಹೆಬ್ಬೆರಳು ಎಲ್ಲಿ ಮೋಸ, ಎಲ್ಲಿ ಎಣಿಕೆ ಎನ್ನುವ ವ್ಯತ್ಯಾಸ ಯಂತ್ರಕ್ಕೆ ನಿಧಾನವಾಗಿ ಹತ್ತಿತು. ಮೋಸದ ಹೆಬ್ಬೆರಳು ಎಲ್ಲೆಂದರಲ್ಲಿ ಹಾರುತ್ತದೆ; ಎಣಿಸುವ ಹೆಬ್ಬೆರಳು ಗಿಣ್ಣು ತಪ್ಪಿಸುವುದಿಲ್ಲ.

ಶನಿವಾರ ಬೆಳಗ್ಗೆ ಹಳೆಯ ಕೈಗಳನ್ನೆಲ್ಲ ಅದಕ್ಕೆ ಮತ್ತೆ ತೋರಿಸಿದರು. ‘ಊಹಿಸುತ್ತಾರೆ’ ಎಂದು ಬರೆಸಿಕೊಂಡಿದ್ದ ಮಕ್ಕಳಲ್ಲಿ ನಾಲ್ಕು ಸಾವಿರದ ಮುನ್ನೂರಕ್ಕೂ ಹೆಚ್ಚು ಜನ ಚೆನ್ನಾಗಿ ಎಣಿಸಬಲ್ಲವರೇ ಆಗಿದ್ದರು. ಪಾರಿಯ ಮುಂದೆ ‘ಸಿದ್ಧ’ ಎಂದು ಬಂತು.

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ.

“ಯಾಕ್ರೀ ಬಾಯಾರ?” ಎಂದಳು ಮಿನಾಜ್.

“ಪಟ್ಟಿ ಸರಿ ಆತು. ಆ ಕೂಸು ಸರಿ ಆಗಿಲ್ಲ. ಒಂದನೇತ್ತಾದಾಗ ಹೋಗಿ ಕೂತ್ರೂ, ಕೇಳಿದಾಗೆಲ್ಲಾ ಮಂದಿ ಮಾರಿ ನೋಡ್ತದ. ಧೂಮಣ್ಣನ ಅದನ್ನ ಕಲಿಸಿದ್ದು. ನನ್ನ ದನೀಲೆ ಕಲಿಸ್ಯಾನ. ತಪ್ಪಾತು ಅಂತ ಅವನ ಹೇಳಬೇಕು.”

ಗುರುನಾಥ ಒಪ್ಪಲಿಲ್ಲ. ಅವನ ಅಂಜಿಕೆ ಸುಳ್ಳೂ ಆಗಿರಲಿಲ್ಲ. “ತಪ್ಪಾತು ಅಂತ ಆಟನ ಹೇಳಿದ್ರ ನಾಳೆ ಶಾಲಿಯವರು ಯಾವ ಪಟ್ಟಿ ನಂಬ್ತಾರ್ರೀ? ಸುಮ್ನ ಸರಿಮಾಡಿ ಬಿಟ್ಟುಬಿಡೂಣು. ಯಾರಿಗೂ ಗೊತ್ತಾಗೂದಿಲ್ಲ.”

“ಗುರುನಾಥ, ನಮ್ಮ ಬಾನುಲಿ ಕೇಳಿ ಊರ ಮಂದಿ ಗಡಿಯಾರ ಹಚ್ಚಿಕೋತಿದ್ರು. ಮೂವತ್ತೊಂದು ವರ್ಷದಾಗ ಎರಡು ಸಲ ನಾನು ತಪ್ಪು ವ್ಯಾಳ್ಯಾ ಹೇಳೀನಿ. ಎರಡೂ ಸಲ ಮರುನಿಮಿಷಕ್ಕ, ‘ಕ್ಷಮಿಸಿ, ಈಗ ಹೇಳಿದ್ದು ತಪ್ಪು’ ಅಂತ ಹೇಳೀನಿ. ಆಮ್ಯಾಲೂ ಮಂದಿ ನಮ್ಮನ್ನ ಕೇಳೇ ಗಡಿಯಾರ ಹಚ್ಚಿದ್ರು. ಸುಮ್ನ ಮುಂದಿನ ಹಾಡು ಹಾಕಿದ್ರ ಏನಾಗ್ತಿತ್ತು ಹೇಳು. ಇಡೀ ಊರು ತಪ್ಪು ವ್ಯಾಳ್ಯಾದಾಗ ನಡೀತಿತ್ತು.”

ಗುರುನಾಥ ಎದ್ದು ಹೊರಗೆ ಹೋದ. ಸಿಟ್ಟಾದನೇನೋ ಅಂದುಕೊಂಡೆ. ಐದು ನಿಮಿಷಕ್ಕೆ ಒಂದು ಲೋಟ ಬಿಸಿನೀರು ಹಿಡಿದುಕೊಂಡು ಬಂದು ನನ್ನ ಮುಂದಿಟ್ಟ. ಧ್ವನಿಮುದ್ರಣದ ಕೋಣೆಗೆ ಹೋಗಿ, ಸದ್ದು ಮಾಡುವ ಫ್ಯಾನನ್ನು ತಾನೇ ಆರಿಸಿದ. ಆ ಸೆಕೆಯಲ್ಲಿ ಬಾಗಿಲಾಚೆ ನಿಂತು, ಯಾರೂ ಆ ಕಡೆ ಬೂಟು ಸದ್ದು ಮಾಡದಂತೆ ನೋಡಿಕೊಂಡ.

ನಾನು ಹೇಳಬೇಕಾದ ಸಾಲು ಸಣ್ಣದು. ಈ ಸಲ ಮೆತ್ತಗೆ ಮಾಡಲು ಹೋಗಲಿಲ್ಲ. ನನ್ನ ಸಾದಾ ದನಿಯಲ್ಲೇ ಒಂದೇ ಸಲಕ್ಕೆ ಹೇಳಿದೆ.

ಅಷ್ಟರಲ್ಲಿ ಮಿನಾಜ್ ಇನ್ನೊಂದು ಯೋಚನೆ ಮಾಡಿದ್ದಳು. “ತಪ್ಪಾತು ಅಂದ್ರ ಸಾಕಾಗೂದಿಲ್ರೀ ಬಾಯಾರ. ಧೂಮಣ್ಣನೂ ತಪ್ಪತಾನ ಅಂತ ಅವ್ರ ಕಣ್ಣಿಗೆ ಕಾಣಬೇಕು. ಈಗಿನಿಂದ ಅಂವ ಒಮ್ಮೊಮ್ಮೆ ಬೇಕಂತ ತಪ್ಪು ಎಣಸ್ತಾನ, ಹುಡುಗೂರು ಅದನ್ನ ಹಿಡೀಬೇಕು.” ಇನ್ನೆರಡು ಸಾಲು ನನ್ನಿಂದ ಹೇಳಿಸಿದಳು.

ಸೋಮವಾರ ಬೆಳಗ್ಗೆ ಬಾಲವಾಡಿಯ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಕಸ್ತೂರೆವ್ವ ಮಗಳ ಹೆಸರಿನ ಮೇಲೆ ಬೆರಳಿಟ್ಟು ಎರಡೆರಡು ಸಲ ಓದಿಸಿಕೊಂಡಳು. ಅವಳ ಕಣ್ಣು ತುಂಬಿತು. ಪಾರಿಗೆ ಅದರಿಂದೇನೂ ಆದಂತೆ ಕಾಣಲಿಲ್ಲ. ಯಾರೋ ದೊಡ್ಡವರು ಬೇರೆ ದೊಡ್ಡವರಿಗೆ ಬರೆದ ಕಾಗದ ಅದು.

ಒಳಗೆ ಅವಳ ಸರದಿ ಬಂತು. ಧೂಮಣ್ಣ ಪೇರಲದ ಗಿಡದ ಕೆಳಗೆ ಕೂತಿದ್ದ. ಹಣ್ಣು ಕೇಳುವ ಬದಲು ಹೇಳಿದ: “ಪಾರೀ, ನೀ ಎಣಿಸಿದ್ದು ಖರೇ ಇತ್ತು. ನನಗ ನೋಡಲಿಕ್ಕೆ ಬರಲಿಲ್ಲ. ತಪ್ಪು ನನ್ನದು.”

ಪಾರಿ ತಿರುಗಿ, “ಖರೇನ್ರಿ ಟೀಚರ್?” ಎಂದಳು.

“ಧೂಮಣ್ಣನ್ನ ಕೇಳವಾ,” ಎಂದಳು ಹೇಮಲತಾ ಟೀಚರ್.

ಧೂಮಣ್ಣ ತಾನೇ ಎದ್ದು ಹಣ್ಣು ಕಿತ್ತು ಬುಟ್ಟಿಗೆ ಹಾಕಿಕೊಳ್ಳತೊಡಗಿದ. ಪಾರಿಯ ಎಡಗೈ ಫ್ರಾಕಿನ ಪಕ್ಕ ಮುಚ್ಚಿಕೊಂಡಿತು, ಹೆಬ್ಬೆರಳು ಹೊರಟಿತು. ಕೊನೆಯ ಹಣ್ಣು ಬಿದ್ದಾಗ ಅದು ನಡುಬೆರಳಿನ ತುದಿಯಲ್ಲಿತ್ತು.

“ನನ್ನ ಬುಟ್ಟ್ಯಾಗ ಎಂಟು ಅದಾವ,” ಎಂದ ಧೂಮಣ್ಣ. “ಹೌದಲ್ಲ, ಪಾರೀ?”

ಪಾರಿ ಹಿಂದೆ ತಿರುಗಿದಳು, ನಮ್ಮ ಮುಖಗಳಿಗಾಗಿ.

ಹೇಮಲತಾ ಟೀಚರ್ ಆಗಲೇ ಕಪಾಟಿನ ಕಡೆಗೆ ತಿರುಗಿ ಬಣ್ಣದ ಡಬ್ಬಿಗಳನ್ನು ಸರಿಸುತ್ತಿದ್ದಳು. ಬಾಯಿ ತೆರೆಯಲಿದ್ದ ಕಸ್ತೂರೆವ್ವ ಸೆರಗನ್ನು ಪೂರ್ತಿ ಮುಖದ ಮೇಲೆ ಎಳೆದುಕೊಂಡುಬಿಟ್ಟಳು. ನಾನು ಬಗ್ಗಿ, ಬಾಗಿಲ ಬಳಿ ಚೆಲ್ಲಿದ್ದ ಮಕ್ಕಳ ಚಪ್ಪಲಿಗಳನ್ನು ಜೋಡಿ ಮಾಡತೊಡಗಿದೆ. ಕೆಂಪು ಚಪ್ಪಲಿಯ ಎರಡು ಜೋಡಿ ಇದ್ದವು. ಯಾವುದಕ್ಕೆ ಯಾವುದು ಎಂದು ನನಗೆ ತಿಳಿಯುತ್ತಿರಲಿಲ್ಲ. ಧೂಮಣ್ಣನೂ ಕಾಯುತ್ತಿದ್ದ.

“ಒಂಬತ್ತು.”

“ಎಂಟಲ್ಲೇನು?” ಎಂದಿತು ಪರದೆಯೊಳಗಿನ ನನ್ನ ದನಿ.

ಚಪ್ಪಲಿ ಹಿಡಿದ ನನ್ನ ಕೈ ನಿಂತಿತು.

“ಅಲ್ಲ. ಒಂಬತ್ತ ಅದಾವ.”

ತಲೆಯೆತ್ತಿ ನೋಡಿದೆ. ಪಾರಿ ಪರದೆಗೆ ಒಂದು ಹೆಜ್ಜೆ ಹತ್ತಿರ ಹೋಗಿದ್ದಳು. ಫ್ರಾಕಿನ ಪಕ್ಕದಿಂದ ಎಡಗೈ ಹೊರಬಂದಿತ್ತು. ಅದನ್ನು ಕ್ಯಾಮೆರಾಕ್ಕೆ ಸರಿಯಾಗಿ ಕಾಣುವಂತೆ ಅಗಲವಾಗಿ ಬಿಡಿಸಿ ಹಿಡಿದಿದ್ದಳು.

“ಇಲ್ನೋಡು,” ಎಂದಳು, “ಕಿರಿಬಟ್ಟಿನಿಂದ ಸುರು ಮಾಡ್ಬೇಕು. ಗಿಣ್ಣಿಗೊಂದ. ಅವಸರ ಮಾಡಬ್ಯಾಡ, ನಾ ಇಲ್ಲೇ ನಿಂದ್ರತೀನಿ.”